ನೆಟ್ಟಣದ ಮಳೆಯಲ್ಲಿ ಒಂದು ಶೇವಿಂಗ್ ಬ್ರಷ್

ಬೆಂಗಳೂರಿನಿಂದ ರಾತ್ರಿ ಹೊರಟ ರೈಲು ಸಕಲೇಶಪುರ ದಾಟಿದ ಮೇಲೆ 55 ಕಿಲೋಮೀಟರಿನ ಘಾಟಿಗೆ ಇಳಿಯುತ್ತದೆ. ಐವತ್ತು ಮೀಟರ್ ಮುಂದೆ ಸರಿದರೆ ಒಂದು ಮೀಟರ್ ಕೆಳಗೆ ಎನ್ನುವ ಇಳಿಜಾರು, 57 ಸುರಂಗ, ಎರಡೂ ಕಡೆ ತೊಟ್ಟಿಕ್ಕುವ ಕಾಡು. ಬೆಳಗಿನ ಜಾವ ಅದು ನಿಲ್ಲುವ ಸ್ಟೇಷನ್ನಿನ ಫಲಕದಲ್ಲಿ ಸುಬ್ರಹ್ಮಣ್ಯ ರೋಡ್ ಎಂದಿದ್ದರೂ ಊರು ಕಡಬ ತಾಲ್ಲೂಕಿನ ನೆಟ್ಟಣ. ಇಳಿದವರಲ್ಲಿ ಹೆಚ್ಚಿನವರು ಕುಕ್ಕೆಗೆ ಹೋಗುವವರು. ಸರ್ಪಸಂಸ್ಕಾರದ ಹರಕೆ ಹೊತ್ತವರಾದರೆ ಎರಡು ದಿನ ಉಳಿಯಬೇಕಾದವರು. ಇಂಥ ಪ್ರಯಾಣದ ಚೀಲದ ಒಂದು ಮೂಲೆಯಲ್ಲಿ ಶೇವಿಂಗ್ ಬ್ರಷ್ ಇದ್ದರೆ, ಅದು ನಿನ್ನೆ ಬೆಳಿಗ್ಗೆ ಮನೆಯಲ್ಲಿ ಒದ್ದೆಯಾದದ್ದು, ಸಂಜೆ ಪ್ಲಾಸ್ಟಿಕ್ ಚೀಲದೊಳಗೆ ಸೇರಿದ್ದು, ಇವತ್ತು ಮತ್ತೆ ಒದ್ದೆಯಾಗಲಿರುವುದು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ, ಘಟ್ಟದ ಬುಡಕ್ಕೇ ಅಂಟಿಕೊಂಡ ಈ ಊರಿಗೆ ಜುಲೈ ತಿಂಗಳಲ್ಲಿ ಬಂದರೆ ಆ ಬ್ರಷ್ ಯಾವಾಗ ಒಣಗುತ್ತದೆ? ಪ್ರಯಾಣಕ್ಕೆ ಬ್ರಷ್ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ ಎಂಬುದು ನನ್ನ ವಾದ. ಆದರೆ ಬ್ರಷ್ ಪ್ರಿಯರು ಸಾಮಾನ್ಯವಾಗಿ ಕೇಳುವುದು ಬೇರೆಯದನ್ನು: ಕೂದಲು ಎಷ್ಟು ಮೃದು, ಎಷ್ಟು ನೀರು ಹಿಡಿಯುತ್ತದೆ, ಯಾವ ಪ್ರಾಣಿಯದು. ಆ ಲೆಕ್ಕದಲ್ಲಿ ಬ್ಯಾಜರ್ ಎಂಬ ಪ್ರಾಣಿಯ ಕೂದಲಿಗೆ ಮೊದಲ ಸ್ಥಾನ, ಹಂದಿಯ ಬಿರುಗೂದಲಿಗೆ ಎರಡನೆಯದು, ಕುದುರೆ ಕೂದಲಿಗೆ ಅದರ ಆಸುಪಾಸು, ಕೃತಕ ಎಳೆಗೆ ಕೊನೆಯದು. ನೀರಿನ ನಡವಳಿಕೆಯನ್ನು ಗಮನಿಸುತ್ತ ಹೋದರೆ, ಪ್ರಯಾಣದ ಮಟ್ಟಿಗೆ ಈ ಶ್ರೇಣಿ ತಲೆಕೆಳಗಾಗುತ್ತದೆ.

ಒದ್ದೆ ಬ್ರಷ್ಷಿನಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದು, ಕೂದಲು ಕೂದಲಿನ ನಡುವಿನ ಸಂದುಗಳಲ್ಲಿ. ಇನ್ನೊಂದು, ಕೂದಲಿನ ಒಡಲೊಳಗೆ. ಇವೆರಡನ್ನು ಬೇರೆಬೇರೆಯಾಗಿ ನೋಡದಿದ್ದರೆ ಇಡೀ ವಿಷಯ ಗೋಜಲಾಗುತ್ತದೆ. ನೊರೆ ಕಟ್ಟುವುದು ನಡುವಿನ ನೀರಿನ ಕೆಲಸ. ಬ್ರಷ್ಷನ್ನು ಸಾಬೂನಿನ ಮೇಲೆ ತಿರುವಿದಾಗ ಸಂದುಗಳ ನೀರಿನಲ್ಲಿ ಸಾಬೂನು ಕರಗುತ್ತದೆ. ಕೂದಲುಗಳು ಒಂದರ ಮೇಲೊಂದು ಜಾರಿ ಗಾಳಿಯನ್ನು ಎಳೆದುಕೊಳ್ಳುತ್ತವೆ. ದೊಡ್ಡ ಗುಳ್ಳೆಗಳು ತುಂಡಾಗಿ ಸಣ್ಣವಾಗುತ್ತವೆ. ಎಳೆ ಯಾವುದರಿಂದ ಆಗಿದ್ದರೂ ಅದು ತೆಳ್ಳಗಿದ್ದು, ಒತ್ತಾಗಿದ್ದು, ಬಾಗಿ ಮತ್ತೆ ನೆಟ್ಟಗಾಗುವಂತಿದ್ದರೆ ಈ ಕೆಲಸ ನಡೆಯುತ್ತದೆ. ಒಳಗಿನ ನೀರಿನ ಕಥೆ ಬೇರೆ. ಪ್ರಾಣಿಯ ಕೂದಲು ಕೆರಾಟಿನ್ ಎಂಬ ಪ್ರೋಟೀನು, ಮತ್ತು ಕೆರಾಟಿನ್‌ಗೆ ನೀರೆಂದರೆ ತೀರದ ಆಸೆ. ಚೆನ್ನಾಗಿ ನೆನೆದ ಕೂದಲು ತನ್ನ ಒಣ ತೂಕದ ಹೆಚ್ಚುಕಡಿಮೆ 30 ಶೇಕಡಾದಷ್ಟು ನೀರನ್ನು ಒಡಲೊಳಗೆ ತುಂಬಿಕೊಳ್ಳುತ್ತದೆ. ಆಗ ಅದು ಅಡ್ಡಕ್ಕೆ ಸುಮಾರು 15 ಶೇಕಡಾ ಊದಿಕೊಳ್ಳುತ್ತದೆ, ಉದ್ದಕ್ಕೆ ಒಂದೆರಡು ಶೇಕಡಾ ಮಾತ್ರ ಬೆಳೆಯುತ್ತದೆ. ಈ ನೀರು ನೊರೆಗೆ ಸಿಗುವುದಿಲ್ಲ. ಅದು ಮಾಡುವ ಉಪಕಾರ ಒಂದೇ, ಎಳೆಯನ್ನು ಮೆತ್ತಗೆ ಮಾಡುವುದು. ದಪ್ಪಗಿರುವ ಹಂದಿ ಬಿರುಗೂದಲಿಗೆ ಅದು ಬೇಕೇ ಬೇಕು. ಅದಕ್ಕೇ ಆ ಬ್ರಷ್ಷನ್ನು ಬಳಸುವ ಮುಂಚೆ ಕೆಲವು ನಿಮಿಷ ನೆನೆಸಿಡುತ್ತಾರೆ. ತುದಿಯಲ್ಲಿ ಸಹಜವಾಗಿಯೇ ತೆಳ್ಳಗಾಗುವ ಬ್ಯಾಜರ್ ಕೂದಲಿಗೆ ಅಷ್ಟು ಬೇಡ. ಕೃತಕ ಎಳೆಗೆ ಬೇಡವೇ ಬೇಡ. ಮನೆಯಲ್ಲಿರುವವನು ಈ ಒಳಗಿನ ನೀರಿಗೆ ಬೆಲೆ ಕೊಡುವುದಿಲ್ಲ, ಮರುದಿನದ ಹೊತ್ತಿಗೆ ಅದು ಆರಿಹೋಗುತ್ತದೆ. ಪ್ರಯಾಣಿಕ ಮಾತ್ರ ಅದನ್ನು ಹೊತ್ತು ತಿರುಗಬೇಕು.

ನಡುವಿನ ನೀರನ್ನು ಹೊರಹಾಕುವ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಬ್ರಷ್ಷನ್ನು ತಲೆಕೆಳಗಾಗಿ ನೇತುಹಾಕಿದರೆ ನೀರು ಇಳಿದುಹೋಗುತ್ತದೆ ಎಂದು ಅದಕ್ಕಾಗಿ ಕೊಕ್ಕೆಯ ಸ್ಟ್ಯಾಂಡು ಮಾರುತ್ತಾರೆ. ಲೆಕ್ಕ ಹಾಕಿ ನೋಡೋಣ. ಕಿರಿದಾದ ಸಂದಿನಲ್ಲಿ ನೀರು ತನ್ನ ಮೇಲ್ಮೈ ಸೆಳೆತದಿಂದಲೇ ನಿಲ್ಲುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಬಲದಿಂದ. ಸಂದಿನ ತ್ರಿಜ್ಯ ಮಿಲಿಮೀಟರಿನ ಹತ್ತನೇ ಒಂದು ಭಾಗವಾದರೆ, ಶುದ್ಧ ನೀರಿನ ಸುಮಾರು 15 ಸೆಂಟಿಮೀಟರ್ ಎತ್ತರದ ಕಂಬವನ್ನು ಆ ಸೆಳೆತ ಹಿಡಿದು ನಿಲ್ಲಿಸಬಲ್ಲದು. ಸಾಬೂನಿನ ಪಸೆ ಉಳಿದು ಸೆಳೆತ ಅರ್ಧಕ್ಕಿಂತ ಕಡಿಮೆಯಾದರೂ 6 ಸೆಂಟಿಮೀಟರ್. ಬ್ರಷ್ಷಿನ ಕೂದಲಿನ ಉದ್ದ ಐದೂವರೆಗಿಂತ ಹೆಚ್ಚಿರುವುದು ಅಪರೂಪ, ಒದ್ದೆ ಕಂತೆಯ ಸಂದುಗಳು ನಾವು ಹಿಡಿದದ್ದಕ್ಕಿಂತಲೂ ಕಿರಿದು. ಎಂದರೆ ಭೂಮಿಯ ಸೆಳೆತಕ್ಕೆ ಇಲ್ಲಿ ಗೆಲುವಿಲ್ಲ; ನೇತುಹಾಕಿದ ಬ್ರಷ್ಷಿನಿಂದ ಮೊದಲ ಕೆಲವು ಹನಿ ಬೀಳುತ್ತವೆ, ಉಳಿದದ್ದು ಅಲ್ಲೇ ಇರುತ್ತದೆ. ಹಾಗಾಗಿ ಬಲವಾಗಿ ಎರಡು ಮೂರು ಸಲ ಕೊಡವಿ, ಒಣ ಬೈರಾಸಿನ ಮೇಲೆ ಅತ್ತಿತ್ತ ಉಜ್ಜಿದರೆ ಆಗುವ ಪ್ರಯೋಜನ ಸ್ಟ್ಯಾಂಡಿನಿಂದ ಆಗದು. ಬೈರಾಸಿನ ನೂಲಿನ ಸಂದುಗಳು ಬ್ರಷ್ಷಿನ ಸಂದುಗಳ ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ಹೀಗೆ ಮಾಡಿದ ಮೇಲೂ ಉಳಿಯುವ ನೀರು ಆವಿಯಾಗಿಯೇ ಹೋಗಬೇಕು.

ಆವಿಯಾಗಲು ಗಾಳಿಯಲ್ಲಿ ಜಾಗವಿರಬೇಕು. ಇಲ್ಲಿಯೇ ನೆಟ್ಟಣದ ಪ್ರಶ್ನೆ ನಿಜವಾಗಿ ಶುರುವಾಗುವುದು. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಗಾಳಿ ಹೊರಬಲ್ಲ ನೀರಾವಿಯ ಒತ್ತಡ 3.17 ಕಿಲೋಪಾಸ್ಕಲ್. ಮಳೆಗಾಲದ ದಿನ ತೇವಾಂಶ 95 ಶೇಕಡಾ ಇದ್ದರೆ ಖಾಲಿ ಉಳಿದದ್ದು 0.16 ಮಾತ್ರ. ಅದೇ ಬ್ರಷ್ಷನ್ನು ಏಪ್ರಿಲ್ ತಿಂಗಳ ವಿಜಯಪುರದಲ್ಲಿ, 38 ಡಿಗ್ರಿ ಬಿಸಿಲಿನಲ್ಲಿ, 25 ಶೇಕಡಾ ತೇವಾಂಶದಲ್ಲಿ ಇಟ್ಟರೆ ಖಾಲಿ ಇರುವ ಜಾಗ ಸುಮಾರು 5 ಕಿಲೋಪಾಸ್ಕಲ್. ಮೂವತ್ತು ಪಟ್ಟು ವ್ಯತ್ಯಾಸ! ಅಲ್ಲಿ ಒಂದು ಗಂಟೆಯಲ್ಲಿ ಆರುವುದು ಇಲ್ಲಿ ಇಡೀ ದಿನ ಕಳೆದರೂ ಆರದಿರುವುದಕ್ಕೆ ಇದೇ ಕಾರಣ. ಇಷ್ಟಾದರೂ ಸಂದಿನ ನೀರು ತಡವಾಗಿಯಾದರೂ ಹೋಗುತ್ತದೆ. ಒಡಲೊಳಗಿನದು ಪೂರ್ತಿ ಹೋಗುವುದೇ ಇಲ್ಲ. ಕೂದಲಿನ ತೇವ ಸುತ್ತಲ ಗಾಳಿಯ ತೇವಕ್ಕೆ ತಕ್ಕಂತೆ ನಿಲ್ಲುತ್ತದೆ. ಜಿನೀವಾದ ವಿಜ್ಞಾನಿ ಸೊಸ್ಯೂರ್ 1783ರ ಹೊತ್ತಿಗೆ ಮನುಷ್ಯನ ಕೂದಲೊಂದನ್ನು ಬಿಗಿದು ಕಟ್ಟಿ, ಅದು ಹಿಗ್ಗಿ ಕುಗ್ಗುವುದನ್ನು ಮುಳ್ಳಿಗೆ ಜೋಡಿಸಿ ಗಾಳಿಯ ತೇವ ಅಳೆದದ್ದು ಈ ಗುಣವನ್ನೇ ನಂಬಿ. ಆ ಬಗೆಯ ಉಪಕರಣ ಹವಾಮಾನ ಕೇಂದ್ರಗಳಲ್ಲಿ ಇಪ್ಪತ್ತನೇ ಶತಮಾನದಲ್ಲೂ ಕೆಲಸ ಮಾಡಿತು. ಗಾಳಿಯ ತೇವ 90 ಶೇಕಡಾ ಇದ್ದರೆ ಕೂದಲಿನೊಳಗೆ ಅದರ ತೂಕದ ಇಪ್ಪತ್ತು ಶೇಕಡಾಕ್ಕೂ ಮಿಕ್ಕಿ ನೀರು ಉಳಿದೇ ಇರುತ್ತದೆ. ಬ್ರಷ್ಷಿನಲ್ಲಿ ಎಂಟು ಗ್ರಾಂ ಕೂದಲಿದೆ ಎಂದುಕೊಂಡರೆ ಒಂದೂವರೆ ಗ್ರಾಮಿಗಿಂತ ಹೆಚ್ಚು ನೀರು ನೆಟ್ಟಣದಲ್ಲಿ ಕಾಯಂ ವಾಸ. ನೈಲಾನ್ ಎಳೆ ಪೂರ್ತಿ ನೆನೆದರೂ ಹತ್ತು ಶೇಕಡಾ ಮುಟ್ಟುವುದಿಲ್ಲ. ಈಗಿನ ಕೃತಕ ಬ್ರಷ್ಷುಗಳಲ್ಲಿ ಹೆಚ್ಚಾಗಿ ಬಳಸುವ ಪಿಬಿಟಿ ಎಂಬ ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಶೇಕಡಾಕ್ಕೂ ಕಡಿಮೆ: ಎಂಟು ಗ್ರಾಮಿಗೆ ಹೆಚ್ಚೆಂದರೆ 0.04 ಗ್ರಾಂ, ಒಂದು ಹನಿಯಷ್ಟು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ತಳ್ಳಿಹಾಕಲಾಗದು. ಬೂಷ್ಟಿಗೆ ಮುಖ್ಯ ನೀರಿನ ಮೊತ್ತವಲ್ಲ, ಅದರ ಲಭ್ಯತೆ. ಗಾಳಿಯ ಜೊತೆ ಸಮತೋಲಕ್ಕೆ ಬಂದ ಯಾವ ವಸ್ತುವಿನಲ್ಲೇ ಆಗಲಿ, ಕೂದಲಾಗಲಿ ಪ್ಲಾಸ್ಟಿಕ್ಕಾಗಲಿ, ಆ ಲಭ್ಯತೆ ಗಾಳಿಯ ತೇವಾಂಶದಷ್ಟೇ. 80 ಶೇಕಡಾ ದಾಟಿದಲ್ಲಿ ಹೆಚ್ಚಿನ ಬೂಷ್ಟುಗಳು ಬೆಳೆಯಬಲ್ಲವು; ಮಳೆಗಾಲದ ಮಲೆನಾಡಿನ ಅಂಚಿನಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲದರ ಮೇಲೂ ಅವು ಬೆಳೆಯುವುದನ್ನು ಯಾರು ಕಂಡಿಲ್ಲ? ಹಾಗಿದ್ದರೆ ಕೃತಕ ಎಳೆಯೂ ಸುರಕ್ಷಿತವಲ್ಲ ಎಂದಾಗುತ್ತದೆ. ಹೌದು, ತೊಳೆಯದೆ ಬಿಟ್ಟ ಸಾಬೂನಿನ ಪಸೆ ಅದರ ಮೇಲಿದ್ದರೆ ಸುರಕ್ಷಿತವಲ್ಲ. ಆದರೂ ವ್ಯತ್ಯಾಸ ಉಳಿಯುತ್ತದೆ. ಮೊದಲನೆಯದಾಗಿ, ಸಮತೋಲಕ್ಕೆ ಬರುವ ತನಕದ ಅವಧಿ: ಬ್ಯಾಕ್ಟೀರಿಯಾಗಳಿಗೆ ಬೇಕಾದ ನಿಜವಾದ ಒದ್ದೆತನ ಪ್ರಾಣಿಕೂದಲಿನ ಕಂತೆಯ ಬುಡದಲ್ಲಿ ಹೆಚ್ಚು ಹೊತ್ತು ಇರುತ್ತದೆ, ಏಕೆಂದರೆ ಸಂದು ಆರುತ್ತಿದ್ದಂತೆ ಒಡಲಿನ ನೀರು ಹೊರಬಂದು ಅದನ್ನು ಮತ್ತೆ ತೋಯಿಸುತ್ತದೆ. ಎರಡನೆಯದಾಗಿ, ಆಹಾರ: ಕೆರಾಟಿನ್ನನ್ನೇ ತಿಂದು ಬದುಕುವ ಶಿಲೀಂಧ್ರಗಳಿವೆ, ಪಿಬಿಟಿಯನ್ನು ಬಚ್ಚಲಿನ ಬೂಷ್ಟು ತಿನ್ನಲಾರದು. ಸಾಬೂನು ತಾನೇ ಕ್ಷಾರ, ಅದು ಕ್ರಿಮಿಗಳನ್ನು ಬಿಡುವುದಿಲ್ಲ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಕ್ಷಾರ ಕೆಲವನ್ನು ತಡೆಯುತ್ತದೆ ನಿಜ. ಆದರೆ ಶಿಲೀಂಧ್ರದ ಬೀಜಾಣುಗಳು ಅದಕ್ಕೆ ಸುಲಭದಲ್ಲಿ ಜಗ್ಗುವುದಿಲ್ಲ, ಮತ್ತು ಅದೇ ಕ್ಷಾರ ದಿನವೂ ತಾಗಿ ಕೆರಾಟಿನ್ನನ್ನೂ ಸಡಿಲ ಮಾಡುತ್ತದೆ.

ಇನ್ನು ಬ್ಯಾಜರ್ ಕೂದಲಿನ ನೊರೆಗೆ ಸಾಟಿಯಿಲ್ಲ ಎಂಬ ಮಾತು. ಇದು ಒಂದು ಕಾಲಕ್ಕೆ ಸರಿಯಾಗಿತ್ತು. ನೈಲಾನ್ ಮೊದಲು ಮಾರುಕಟ್ಟೆಗೆ ಬಂದದ್ದೇ ಬ್ರಷ್ಷಿನ ರೂಪದಲ್ಲಿ, 1938ರಲ್ಲಿ, ಹಲ್ಲುಜ್ಜುವ ಬ್ರಷ್ಷಾಗಿ. ಅಲ್ಲಿ ಬಿರುಸು ಬೇಕಿತ್ತು. ಅದೇ ಬಗೆಯ, ಬುಡದಿಂದ ತುದಿವರೆಗೆ ಒಂದೇ ದಪ್ಪದ ಎಳೆಯನ್ನು ಗಡ್ಡಕ್ಕೆ ತಂದಾಗ ಚುಚ್ಚಿತು, ಕೃತಕ ಬ್ರಷ್ಷಿಗೆ ಕೆಟ್ಟ ಹೆಸರು ಬಂತು. ಎಳೆ ಬಾಗುವುದಕ್ಕೆ ಒಡ್ಡುವ ತಡೆ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ತಡೆ ಹದಿನಾರು ಪಟ್ಟು. ನೆಟ್ಟಣದ ಪಕ್ಕದ ಕಿದುವಿನಲ್ಲಿ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ದಕ್ಷಿಣ ಏಷ್ಯಾದ ತೆಂಗಿನ ತಳಿಗಳ ಅಂತಾರಾಷ್ಟ್ರೀಯ ಸಂಗ್ರಹ ಅಲ್ಲಿದೆ. ಅಷ್ಟು ತಳಿಗಳ ಯಾವ ಕಾಯಿಯ ನಾರಿನಿಂದಲೂ ಶೇವಿಂಗ್ ಬ್ರಷ್ ಮಾಡಲು ಆಗದಿರುವುದಕ್ಕೆ ಕಾರಣ ಈ ನಾಲ್ಕನೇ ಘಾತವೇ. ಮಿಲಿಮೀಟರಿನ ಕಾಲುಭಾಗ ದಪ್ಪದ ತೆಂಗಿನ ನಾರು ಪಾತ್ರೆ ತಿಕ್ಕಲು, ಅಂಗಳ ಉಜ್ಜಲು ಸರಿ. ಗಡ್ಡಕ್ಕೆ ಬೇಕಾದ ಎಳೆ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳ್ಳಗಿರಬೇಕು, ತುದಿಗೆ ಹೋಗುತ್ತ ಇನ್ನೂ ಸಣ್ಣದಾಗಬೇಕು. ಈಗಿನ ಪಿಬಿಟಿ ಎಳೆಗಳ ತುದಿಯನ್ನು ಹೀಗೆಯೇ ಸವೆಸಿ ಚೂಪು ಮಾಡುತ್ತಾರೆ. ಹಾಗಾದ ಮೇಲೆ ಮುಖದ ಮೇಲಿನ ನೊರೆಯನ್ನು ನೋಡಿ ಅದು ಯಾವ ಬ್ರಷ್ಷಿನದೆಂದು ಹೇಳುವುದು ಕಷ್ಟ.

ನೊರೆಯ ಗುಣವನ್ನು ಬ್ರಷ್ಷಿಗಿಂತ ಹೆಚ್ಚು ನಿರ್ಧರಿಸುವುದು ನೀರು ಮತ್ತು ಸಾಬೂನು, ಪ್ರಯಾಣದಲ್ಲಿ ಬದಲಾಗುವುದೂ ನೀರೇ. ಬೆಂಗಳೂರಿನ ಎಷ್ಟೋ ಬಡಾವಣೆಗಳ ಕೊಳವೆಬಾವಿ ನೀರು ಗಡಸು. ಅದರ ಕ್ಯಾಲ್ಸಿಯಂ ಸಾಬೂನಿನ ಜೊತೆ ಸೇರಿ ನೊರೆಯಾಗುವ ಬದಲು ಬೆಳ್ಳಗಿನ ಜಿಡ್ಡಾಗುತ್ತದೆ. ಮಳೆ ತೊಳೆದ ಕರಾವಳಿಯ ಮುರಕಲ್ಲು ನೆಲದಲ್ಲಿ ನೀರು ಮೃದು. ಹಾಗಾಗಿ ಅದೇ ಬ್ರಷ್, ಅದೇ ಸಾಬೂನು ಘಟ್ಟ ಇಳಿದ ಕೂಡಲೇ ಬೇರೆಯೇ ಆದಂತೆ ಕಾಣುತ್ತವೆ, ಕಡಿಮೆ ಸಾಬೂನಿಗೆ ಹೆಚ್ಚು ನೊರೆ ಬರುತ್ತದೆ. ತೆಂಗಿಗೂ ಇದರಲ್ಲಿ ಪಾಲಿದೆ: ತೆಂಗಿನೆಣ್ಣೆಯ ಅರ್ಧದಷ್ಟಿರುವ ಲಾರಿಕ್ ಆಮ್ಲದ ಸಾಬೂನು ಬೇಗ ಉಬ್ಬುವ ದೊಡ್ಡ ನೊರೆ ಕೊಡುತ್ತದೆ, ಸ್ಟಿಯರಿಕ್ ಆಮ್ಲದ್ದು ಗಟ್ಟಿಯಾಗಿ ನಿಲ್ಲುವ ಸಣ್ಣ ಗುಳ್ಳೆಗಳನ್ನು. ಎರಡೂ ಇರುವ ಶೇವಿಂಗ್ ಸಾಬೂನಿನ ನೊರೆಯ ಮುಖ್ಯ ಕೆಲಸ ಗಡ್ಡದ ಕೂದಲಿನ ಸುತ್ತ ನೀರನ್ನು ಆರದಂತೆ ಕಾಯುವುದು. ಎರಡು ಮೂರು ನಿಮಿಷ ನೆನೆದ ಗಡ್ಡವನ್ನು ಕತ್ತರಿಸಲು ಬೇಕಾದ ಬಲ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಬ್ಲೇಡಿನ ಉಕ್ಕಿಗಿಂತ ಐವತ್ತು ಪಟ್ಟು ಮೆತ್ತಗಿರುವ ಕೂದಲು ಅದರ ಅಂಚನ್ನು ಚೂರುಚೂರಾಗಿ ಮುರಿಯಬಲ್ಲದೆಂದು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದ ಮೇಲೆ ಈ ನೆನೆಸುವಿಕೆಯ ಮಹತ್ವ ಇನ್ನೂ ಸ್ಪಷ್ಟವಾಗಿದೆ. ಗಡ್ಡದ ಕೆರಾಟಿನ್ ನೀರು ಕುಡಿಯಬೇಕು, ಬ್ರಷ್ಷಿನದು ಕುಡಿಯಬಾರದು. ಎರಡೂ ಒಂದೇ ಪ್ರೋಟೀನು ಎಂಬುದರಲ್ಲೇ ಪ್ರಾಣಿಕೂದಲಿನ ಬ್ರಷ್ಷಿನ ತೊಡಕು ಇದೆ.

ಒದ್ದೆಗಿಂತ ಗಂಭೀರವಾದ ಇನ್ನೊಂದು ಸಂಗತಿ ಬ್ರಷ್ ಹೊತ್ತು ತರುವ ಜೀವಿಗಳದು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದಲ್ಲಿ ಹೊಸ ಶೇವಿಂಗ್ ಬ್ರಷ್ ಬಳಸಿದವರ ಮುಖ, ಕುತ್ತಿಗೆಯ ಮೇಲೆ ಅಂಥ್ರಾಕ್ಸ್ ಹುಣ್ಣು ಕಾಣಿಸಿಕೊಂಡಿತು. ನಮ್ಮ ರೈತರು ದನಕುರಿಗಳಲ್ಲಿ ಕಂಡು ನೆರಡಿ ಎಂದು ಕರೆಯುವ ರೋಗ ಇದೇ. ಅಮೆರಿಕದ ಸೇನೆಯೊಂದರಲ್ಲೇ ನೂರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು, ಸಾವುಗಳೂ ಆದವು. ಕಾರಣ ಹುಡುಕಿದಾಗ ಎದುರಾದದ್ದು ವ್ಯಾಪಾರದ ದಾರಿ ಬದಲಾದ ಕಥೆ. ಯುದ್ಧಕ್ಕೆ ಮೊದಲು ಪೂರ್ವದ ಕೂದಲು ಯೂರೋಪಿನ ಒಳನಾಡಿನಲ್ಲಿ ಶುದ್ಧಿಯಾಗಿ ಬರುತ್ತಿತ್ತು. ಯುದ್ಧ ಆ ದಾರಿ ಮುಚ್ಚಿತು. ಬ್ಯಾಜರ್ ಕೂದಲು ಸಿಗದಾದಾಗ ಕುದುರೆ ಕೂದಲಿಗೆ ಬಣ್ಣ ಹಾಕಿ ಬ್ಯಾಜರ್ ಎಂಬಂತೆ ಮಾರಿದರು, ಸರಿಯಾಗಿ ಶುದ್ಧಿ ಮಾಡಲಿಲ್ಲ. ಬ್ರಿಟನ್ 1919ರಲ್ಲಿ ಅಂಥ್ರಾಕ್ಸ್ ತಡೆ ಕಾಯ್ದೆ ತಂದು, ಮರುವರ್ಷ ಜಪಾನಿನಿಂದ ಬರುವ ಶೇವಿಂಗ್ ಬ್ರಷ್ಷುಗಳನ್ನೇ ನಿಷೇಧಿಸಿತು. ಇಂದು ತಯಾರಾಗುವ ಬ್ರಷ್ಷಿನ ಕೂದಲು ಶುದ್ಧಿಯಾಗಿಯೇ ಬರುತ್ತದೆ, ಈ ಭಯ ಹಳೆಯದು ಎನ್ನಬಹುದು. ಹೊಸ ಬ್ರಷ್ಷಿನ ಬಗ್ಗೆ ಅದು ನ್ಯಾಯವಾದ ಮಾತು. ಆದರೆ ಅಂಥ್ರಾಕ್ಸಿನ ಬೀಜಾಣುಗಳು ದಶಕಗಟ್ಟಲೆ ಬದುಕುತ್ತವೆ, ಬಿಸಿನೀರಿನಲ್ಲಿ ಅದ್ದಿದರೆ ಸಾಯುವುದಿಲ್ಲ. ಹಳೆಯ ಬ್ರಷ್ ಸಂಗ್ರಹಿಸುವ ಹವ್ಯಾಸ ಮತ್ತೆ ಬೆಳೆಯುತ್ತಿರುವುದನ್ನು ಗಮನಿಸಿಯೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವೈದ್ಯಕೀಯ ಪತ್ರಿಕೆ 2017ರಲ್ಲಿ ಈ ನೂರು ವರ್ಷ ಹಿಂದಿನ ಪ್ರಕರಣಗಳನ್ನು ಮತ್ತೆ ಕೆದಕಿತು. ಅಪಾಯ ತೀರ ಸಣ್ಣದು. ಆದರೂ ಬ್ಲೇಡಿನಿಂದ ಗೀರಾಗುವ ಚರ್ಮಕ್ಕೆ ಅದನ್ನು ಉಜ್ಜಿಕೊಳ್ಳಲು ಯಾವ ಅಗತ್ಯವೂ ಇಲ್ಲ. ಇದೇ ಕಾರಣಕ್ಕೆ ದಾರಿಯಲ್ಲಿ ಸಿಗುವ ಸೆಲೂನಿನಲ್ಲಿ ಹತ್ತು ಮುಖಗಳಿಗೆ ಓಡಾಡಿದ ಬ್ರಷ್ಷಿಗಿಂತ ನಮ್ಮದೇ ಒಂದು ಜೊತೆಗಿರುವುದು ಮೇಲು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಏಳು ದಿನವಾದರೂ ಜೀವ ಹಿಡಿದಿರಬಲ್ಲದು; ಬ್ಲೇಡು ಬದಲಿಸುವ ಅಭ್ಯಾಸ ಬಂದಿದೆ, ಬ್ರಷ್ ಬದಲಿಸುವುದು ಬಂದಿಲ್ಲ.

ಸಂಗ್ರಹಕಾರರ ಮಾತು ಇಲ್ಲಿ ಎದುರಾಗುತ್ತದೆ: ಪ್ರಯಾಣದ ಬ್ರಷ್ ಕೇವಲ ಉಪಕರಣವಲ್ಲ, ಅದೊಂದು ಕುಶಲ ವಸ್ತು. ಕೂದಲಿನ ಕಂತೆಯನ್ನು ತಿರುಪಿನಿಂದ ಬಿಚ್ಚಿ, ತಿರುಗಿಸಿ, ಟೊಳ್ಳು ಹಿಡಿಯೊಳಗೇ ಅಡಗಿಸುವ ಹಳೆಯ ಪ್ರಯಾಣದ ಬ್ರಷ್ಷುಗಳು ನಿಜಕ್ಕೂ ಚೆಲುವಾದ ಯಂತ್ರಗಳು. ಅವನ್ನು ಕೂಡಿಡುವುದಕ್ಕೆ ನನ್ನ ವಿರೋಧವಿಲ್ಲ. ಗಾಜಿನ ಹಿಂದೆ, ಒಣಗಿದ ಕಪಾಟಿನಲ್ಲಿ ಇರಲಿ. ಆದರೆ ಏನನ್ನು ಕೂಡಿಡುತ್ತಿದ್ದೇವೆ ಎಂದು ತಿಳಿದಿರಬೇಕು. ಆನೆದಂತದ ಹಿಡಿಯ ಮಾರಾಟ ನಮ್ಮ ದೇಶದಲ್ಲಿ ಅಪರಾಧ. ಬ್ಯಾಜರ್ ಎಂಬ ಹೆಸರು ಕೇಳಿ ನಮ್ಮ ಕಾಡಿನ ತರಕರಡಿಯನ್ನು ನೆನೆಯುವವರಿದ್ದಾರೆ. ಬ್ರಷ್ಷಿನ ಬ್ಯಾಜರ್ ಬೇರೆ ಪ್ರಾಣಿ, ಅದರ ಕೂದಲು ಬಹುಪಾಲು ಚೀನಾದಿಂದ ಬರುತ್ತದೆ. ತರಕರಡಿಯಂತೂ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ನಮ್ಮಲ್ಲಿ ನಿಜವಾಗಿ ನಲುಗಿರುವುದು ಮುಂಗುಸಿ. ಬಿರುಸೂ ಮೃದುವೂ ಆದ ಅದರ ಪಟ್ಟೆ ಕೂದಲು ಚಿತ್ರ ಬರೆಯುವ ಕುಂಚಕ್ಕೂ ಶೇವಿಂಗ್ ಬ್ರಷ್ಷಿಗೂ ಹೋಗಿದೆ, ಒಂದು ಪ್ರಾಣಿ ಕೊಂದರೆ ಸಿಗುವ ಉಪಯುಕ್ತ ಕೂದಲು ಕೆಲವೇ ಹತ್ತು ಗ್ರಾಂ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದರ ವ್ಯಾಪಾರ ನಿಷಿದ್ಧವಾಗಿದ್ದರೂ ನಿಂತಿರಲಿಲ್ಲವಾದ್ದರಿಂದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ 2019ರಲ್ಲಿ ಹಲವು ರಾಜ್ಯಗಳಲ್ಲಿ ಒಮ್ಮೆಗೇ ದಾಳಿ ನಡೆಸಬೇಕಾಯಿತು. ಬ್ರಷ್ ತಯಾರಿಕೆಗೆ ಹೆಸರಾದ ಉತ್ತರ ಪ್ರದೇಶದ ಶೇರ್‌ಕೋಟ್ ಈ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಊರು. ಹೆಸರಿಲ್ಲದ, ಕಂದು ಬಿಳಿ ಪಟ್ಟೆಯ ಕೂದಲಿನ ಹಳೆಯ ದೇಶೀ ಬ್ರಷ್ ಕಣ್ಣಿಗೆ ಬಿದ್ದರೆ ಮೂಲ ತಿಳಿಯದೆ ಕೊಳ್ಳದಿರುವುದು ಒಳಿತು. ‘ಅಪ್ಪಟ ಬ್ರಿಸಲ್’ ಎಂದು ಬರೆದದ್ದು ಹಂದಿಯ ಕೂದಲು ಎಂಬುದೂ ಎಷ್ಟೋ ಜನರಿಗೆ ಗೊತ್ತಿಲ್ಲ. ಹರಕೆ ಹೊತ್ತು ಹೊರಟವರಿಗೆ, ಮಾಂಸ ಮುಟ್ಟದ ಮನೆಗಳವರಿಗೆ ಅದು ಸಣ್ಣ ವಿಷಯವಲ್ಲ, ತಿಳಿದೇ ಆರಿಸುವ ಹಕ್ಕು ಅವರಿಗಿದೆ.

ಪರಿಸರದ ಕಡೆಯಿಂದ ಬರುವ ಆಕ್ಷೇಪವೇ ನನ್ನ ವಾದಕ್ಕೆ ಎಲ್ಲಕ್ಕಿಂತ ತೂಕದ್ದು. ಕೂದಲು ಮಣ್ಣಿಗೆ ಸೇರಿದರೆ ಕರಗುತ್ತದೆ, ಪಿಬಿಟಿ ಕರಗುವುದಿಲ್ಲ. ಉದುರಿದ ಎಳೆ ಕುಮಾರಧಾರೆಗೆ ಸೇರಿದರೆ ಅಲ್ಲೇ ಉಳಿಯುತ್ತದೆ. ಇದು ನಿಜ, ಇದಕ್ಕೆ ಪೂರ್ಣ ಉತ್ತರ ನನ್ನಲ್ಲಿಲ್ಲ. ಹೇಳಬಹುದಾದದ್ದು ಇಷ್ಟು: ಚೆನ್ನಾಗಿ ಅಂಟಿಸಿದ ಬ್ರಷ್ ವರ್ಷಗಟ್ಟಲೆ ಬಾಳುತ್ತದೆ, ಒಣಗುವ ಎಳೆಯ ಬ್ರಷ್ ಕೊಳೆಯದೆ ಇನ್ನೂ ಹೆಚ್ಚು ಬಾಳುತ್ತದೆ, ಮತ್ತು ಅದರ ಬದಲು ಬಳಕೆಯಾಗುವ ನೊರೆ ಡಬ್ಬಿಗಳ ಲೋಹ, ಪ್ಲಾಸ್ಟಿಕ್ ಅದಕ್ಕಿಂತ ಎಷ್ಟೋ ಹೆಚ್ಚು. ಎಳೆ ಉದುರತೊಡಗಿದ ಬ್ರಷ್ಷನ್ನು ಹೊಳೆಯಲ್ಲಿ ತೊಳೆಯದಿದ್ದರಾಯಿತು. ಎರಡು ದಿನದ ಯಾತ್ರೆಗೆ ಬ್ರಷ್ಷೇ ಏಕೆ, ಬೆರಳಿನಲ್ಲಿ ಕ್ರೀಮು ಹಚ್ಚಿದರೆ ಸಾಲದೇ ಎಂದರೆ, ಸಾಕು. ಅಷ್ಟು ಚಿಕ್ಕ ಪ್ರಯಾಣಕ್ಕೆ ಬ್ರಷ್ ಇಲ್ಲದೆಯೇ ಹೋಗಬಹುದು. ವಾರಗಟ್ಟಲೆ ಊರೂರು ಅಲೆಯುವವರಿಗೆ, ಒತ್ತಾದ ಗಡ್ಡದವರಿಗೆ, ಮೈ ಚರ್ಮ ಬೇಗ ಕೆಂಪಾಗುವವರಿಗೆ ಬ್ರಷ್ಷಿನ ಬೆಲೆ ತಿಳಿಯುತ್ತದೆ.

ಹಿಡಿಯ ಬಗ್ಗೆ ಒಂದು ಮಾತು ಉಳಿಯಿತು. ಚನ್ನಪಟ್ಟಣದ ಬಣ್ಣದ ಗೊಂಬೆಗಳ ಹೊಳಪನ್ನು ಕಂಡವರಿಗೆ ಅದೇ ಅರಗಿನ ಹಿಡಿ ಇದ್ದರೆ ಎಷ್ಟು ಚೆನ್ನ ಎನಿಸುವುದು ಸಹಜ. ಆದರೆ ಅರಗು ಕ್ಷಾರದಲ್ಲಿ ಕರಗುವ ವಸ್ತು, ಸಾಬೂನು ನೀರು ಕ್ಷಾರ. ದಿನಬಳಕೆಯಲ್ಲಿ ಆ ಹೊಳಪು ಉಳಿಯದು. ಚೀಲಕ್ಕೆ ಹಾಕುವ ಬ್ರಷ್ಷಿಗೆ ಹಗುರವಾದ ಪ್ಲಾಸ್ಟಿಕ್ ಅಥವಾ ಅಲ್ಯುಮಿನಿಯಂ ಹಿಡಿ, ಎರಡೂ ತುದಿಯಲ್ಲಿ ತೂತಿರುವ ಕೊಳವೆ, ಕೊಳವೆಯ ಗೋಡೆಗೆ ತಾಗದಷ್ಟು ಚಿಕ್ಕ ಕಂತೆ ಇದ್ದರೆ ಸಾಕು. ತನ್ನ ಬ್ರಷ್ ಹೇಗೆಂದು ನೋಡಬಯಸುವವರು ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ಅದನ್ನು ಒಣಗಿದ್ದಾಗ ಒಮ್ಮೆ ತೂಗಲಿ. ನೆನೆಸಿ, ಕೊಡವಿ, ಬೈರಾಸಿಗೆ ಉಜ್ಜಿದ ಮೇಲೆ ಇನ್ನೊಮ್ಮೆ. ಮರುದಿನ ಬೆಳಿಗ್ಗೆ ಮತ್ತೊಮ್ಮೆ. ಇದನ್ನು ಏಪ್ರಿಲಿನಲ್ಲಿ ಒಂದು ಸಲ, ಜುಲೈಯಲ್ಲಿ ಒಂದು ಸಲ ಮಾಡಬೇಕು. ಮೂರನೆಯ ತೂಕ ಮೊದಲನೆಯದಕ್ಕೆ ಎಷ್ಟು ಹತ್ತಿರ ಬಂದಿದೆ ಎಂಬುದೇ ಆ ಬ್ರಷ್ ಘಟ್ಟ ಇಳಿಯಬಹುದೇ ಇಲ್ಲವೇ ಎಂದು ಹೇಳುತ್ತದೆ.